ದೇವನಹಳ್ಳಿಯ ಆಕಾಶದಲ್ಲಿ ನಿಂತ ಬೆಳಕು: ನಾನು ಪತ್ತೆ ಹಚ್ಚುವ ಬಗೆ

ವಿಮಾನ ನಿಲ್ದಾಣದ ಸುತ್ತಮುತ್ತಲಿನ ಊರುಗಳಿಂದ ಆಕಾಶದಲ್ಲಿ ಕಂಡ, ಏನೆಂದು ಗೊತ್ತಾಗದ ಬೆಳಕುಗಳ ವಿಡಿಯೋ ನನಗೆ ಆಗಾಗ ಬರುತ್ತವೆ. ನಾನು ಹವ್ಯಾಸಕ್ಕೆ ನಕ್ಷತ್ರ ನೋಡುವವನು. ವಿಡಿಯೋ ತೆರೆಯುವ ಮುಂಚೆ ಫೋನ್ ಮಾಡಿ ಕೇಳುತ್ತೇನೆ: ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಕಂಡಿತು? ಯಾವ ದಿಕ್ಕಿಗೆ? ಎಷ್ಟು ಮೇಲೆ? ಎತ್ತರವನ್ನು ಅಡಿ ಲೆಕ್ಕದಲ್ಲಿ ಹೇಳಬೇಡಿ ಅನ್ನುತ್ತೇನೆ. ಕತ್ತಲಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಎಷ್ಟು ಮುಷ್ಟಿ ಮೇಲಿತ್ತು ಅಂತ ಹೇಳಿದರೆ ಸಾಕು.

ಸೂಲಿಬೆಲೆ ಕಡೆಯ ಒಬ್ಬ ಅಮ್ಮ ಒಂದು ಸಂಜೆ ಟೆರೇಸ್ ಮೇಲಿಂದಲೇ ಕರೆ ಮಾಡಿದ್ದರು. "ಸರ್, ಪೂರ್ವಕ್ಕೆ ಒಂದು ಬೆಳಕು ಇದೆ. ಅಲ್ಲಾಡ್ತಾನೇ ಇಲ್ಲ. ವಿಮಾನ ಆಗಿದ್ರೆ ಹೋಗ್ಬೇಕಿತ್ತು ಅಲ್ವಾ?" ಅವರು ಕಂಡದ್ದನ್ನು ಸರಿಯಾಗಿಯೇ ಹೇಳುತ್ತಿದ್ದರು. ಕೆಂಪೇಗೌಡ ನಿಲ್ದಾಣದ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಪೂರ್ವದಿಂದ ಇಳಿಯುವ ವಿಮಾನ ಸುಮಾರು 3 ಡಿಗ್ರಿ ಇಳಿಜಾರಿನಲ್ಲಿ ಅವರ ಮನೆಯ ಕಡೆಗೇ ಬರುತ್ತದೆ. ನಮ್ಮತ್ತಲೇ ಬರುವುದು ಪಕ್ಕಕ್ಕೆ ಸರಿಯುವುದಿಲ್ಲ, ಸುಮ್ನೆ ನಿಂತ ಹಾಗೆ ಕಾಣುತ್ತದೆ. ಲ್ಯಾಂಡಿಂಗ್ ಲೈಟಿನ ಪ್ರಖರತೆಗೆ ರೆಕ್ಕೆಯ ಕೆಂಪು, ಹಸಿರು ದೀಪ ಮರೆಯಾಗುತ್ತವೆ. ದೂರ ಜಾಸ್ತಿ ಇರುವಾಗ ಸದ್ದೂ ಕೇಳಿಸುವುದಿಲ್ಲ.

"ಸ್ವಲ್ಪ ಹೊತ್ತು ಅಲ್ಲೇ ಇರಿ ಅಮ್ಮ, ಫೋನ್ ಇಡಬೇಡಿ" ಅಂದೆ. ಬೆಳಕು ದೊಡ್ಡದಾಯಿತು ಅಂದರು. ಆಮೇಲೆ ಎರಡಾಯಿತು ಅಂದರು. ಸದ್ದು ನನಗೂ ಫೋನಿನಲ್ಲೇ ಕೇಳಿಸಿತು. ಅಷ್ಟರಲ್ಲಿ ಮೊದಲಿನ ಜಾಗದಲ್ಲೇ ಇನ್ನೊಂದು ಬೆಳಕು ಬಂದು ನಿಂತಿತ್ತು. "ಓ, ಸಾಲಾಗಿ ಬರ್ತಿವೆ!" ಅಂದರು.

ಪಶ್ಚಿಮದ ಬೆಳಕಾದರೆ ನನ್ನ ಮೊದಲ ಅನುಮಾನ ಶುಕ್ರನ ಮೇಲೆ. 2025ರ ಜನವರಿ, ಫೆಬ್ರವರಿಯಲ್ಲಿ ಸಂಜೆ ಹೊತ್ತು ಶುಕ್ರ ಧಗಧಗ ಹೊಳೆಯುತ್ತಿತ್ತು. ಇದಕ್ಕೆ ಸುಲಭದ ಪರೀಕ್ಷೆ ಇದೆ. ಬೆಳಕು ನೀರಿನ ಟ್ಯಾಂಕಿನ ಅಂಚಿಗೆ ತಾಗುವಂತೆ ನಿಂತುಕೊಂಡು, ತಲೆ ಕದಲಿಸದೆ ನೋಡಬೇಕು. ನಾಲ್ಕು ನಿಮಿಷಕ್ಕೆ ಗ್ರಹ ಒಂದು ಡಿಗ್ರಿ ಸರಿಯುತ್ತದೆ, ಅಂದರೆ ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು. ಚುಕ್ಕಿಗಳು ಒಂದೇ ಗೆರೆಯಲ್ಲಿ ಹೋದರೆ ಅವು ಸ್ಟಾರ್‌ಲಿಂಕ್ ಉಪಗ್ರಹಗಳು.

ಇವ್ಯಾವುವೂ ಅಲ್ಲವಾದರೆ ವಿಮಾನಗಳ ಹಾದಿ ತೋರಿಸುವ ಫ್ಲೈಟ್‌ರಾಡಾರ್24ರಲ್ಲಿ ಆ ನಿಮಿಷಕ್ಕೆ ಹಿಂದೆ ಹೋಗಿ ನೋಡುತ್ತೇನೆ. ವಿಮಾನಗಳು ತಾವಿರುವ ಜಾಗವನ್ನು ರೇಡಿಯೋ ಮೂಲಕ 1090 ಮೆಗಾಹರ್ಟ್ಸ್‌ನಲ್ಲಿ ತಾವೇ ಹೇಳುತ್ತಿರುತ್ತವೆ. ಸೇನೆಯ ವಿಮಾನಗಳು ಎಷ್ಟೋ ಸಲ ಅಲ್ಲಿ ಸಿಗುವುದಿಲ್ಲ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಇದನ್ನು ನೆನಪಿಟ್ಟಿರಬೇಕು. ಆಮೇಲೆ ಗಾಳಿಯ ದಿಕ್ಕು ತಿಳಿಯಲು ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್, ನೋಡುತ್ತೇನೆ. ಗಾಳಿಯ ಜೊತೆಗೇ ತೇಲಿದ್ದರೆ ಅದು ಬಲೂನೋ ಕಾಗದದ ದೀಪವೋ ಇರಬಹುದು.

ಡ್ರೋನ್ ಅನಿಸಿದರೆ ಮಾತ್ರ ನಾನು ಲೆಕ್ಕ ಹಾಕುತ್ತಾ ಕೂರುವುದಿಲ್ಲ. ಕೂಡಲೇ 112ಕ್ಕೆ ಹೇಳಿ ಅನ್ನುತ್ತೇನೆ. ನಿಲ್ದಾಣದ ಗಡಿಯಿಂದ 5 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಲ್ಲಿ ಡ್ರೋನ್ ಕಂಡಿತೆಂದು ರನ್‌ವೇ ಮುಚ್ಚಿದರು. ಸುಮಾರು 1,000 ವಿಮಾನಗಳ ಸಂಚಾರ ಕೆಟ್ಟಿತು, 1.4 ಲಕ್ಷ ಜನ ಪರದಾಡಿದರು. ಹಾರಿಸಿದವರು ಸಿಗಲೇ ಇಲ್ಲ.

ಎಲ್ಲದಕ್ಕೂ ಉತ್ತರ ಸಿಗುತ್ತದೆ ಅಂತೇನಿಲ್ಲ. 2006ರ ನವೆಂಬರ್ 7ರಂದು ಶಿಕಾಗೋದ ಓ'ಹೇರ್ ನಿಲ್ದಾಣದ ಸಿ-17 ಗೇಟ್ ಮೇಲೆ ಬೂದು ಬಣ್ಣದ ದುಂಡನೆಯ ವಸ್ತುವನ್ನು ಯುನೈಟೆಡ್ ವಿಮಾನ ಕಂಪನಿಯ ಸಿಬ್ಬಂದಿ ಹಲವರು ನೋಡಿದರು. ಅದು ಮೋಡವನ್ನು ತೂತು ಮಾಡಿಕೊಂಡು ಮೇಲೆ ಹೋಯಿತು ಅಂದರು. ರಾಡಾರಿನಲ್ಲಿ ಏನೂ ಇಲ್ಲ, ಹವಾಮಾನದ ಆಟ ಇರಬೇಕು ಎಂದು ಅಲ್ಲಿನ ವಿಮಾನಯಾನ ಇಲಾಖೆ ತನಿಖೆಯನ್ನೇ ಮಾಡಲಿಲ್ಲ. ಇದು ನನಗೆ ಒಪ್ಪಿಗೆಯಾಗದ ವಿಷಯ. ದಿನವೂ ಅದೇ ಆಕಾಶದ ಕೆಳಗೆ ದುಡಿಯುವವರು ಅವರು. ಒಬ್ಬೊಬ್ಬರನ್ನೂ ಬೇರೆಬೇರೆ ಕೂರಿಸಿ ದಿಕ್ಕು, ಹೊತ್ತು ಬರೆಸಿಕೊಳ್ಳಬೇಕಿತ್ತು.

ದೇವನಹಳ್ಳಿ ತಾಲ್ಲೂಕಿನ ವಿಜಯಪುರದಿಂದ ಬಂದ ಒಂದು ವಿಡಿಯೋ ನನ್ನ ಹತ್ತಿರವೂ ಹಾಗೇ ಉಳಿದಿದೆ. ಕಿತ್ತಳೆ ಬೆಳಕು, ಗಾಳಿಗೆ ಎದುರಾಗಿ ಹೋಗಿದೆ, ಯಾವ ವಿಮಾನಕ್ಕೂ ತಾಳೆಯಾಗಿಲ್ಲ. ಒಂದೇ ಜಾಗದಿಂದ ತೆಗೆದದ್ದಾದ್ದರಿಂದ ದೂರ ಗೊತ್ತಾಗುವುದಿಲ್ಲ. ಅದೇ ಹೊತ್ತಿಗೆ ಬೇರೆ ಊರಿನಿಂದ ಇನ್ನೊಬ್ಬರು ತೆಗೆದಿದ್ದರೆ ಎರಡು ದಿಕ್ಕಿನ ಗೆರೆ ಎಳೆದು ದೂರ ಹಿಡಿಯಬಹುದಿತ್ತು. ಅದಕ್ಕೇ ಈಗ ಎಲ್ಲರಿಗೂ ಹೇಳುತ್ತೇನೆ: ಜೂಮ್ ಮಾಡಬೇಡಿ, ಫೋನನ್ನು ಗೋಡೆಗೆ ಒರಗಿಸಿ, ಕರೆಂಟ್ ಕಂಬವೋ ತೆಂಗಿನಮರವೋ ಜೊತೆಗೆ ಕಾಣಲಿ. ಪಕ್ಕದ ಊರಿನ ನೆಂಟರಿಗೂ ಆಗಲೇ ಫೋನ್ ಮಾಡಿ, ಹೊರಗೆ ಬಂದು ನೋಡಿ ಅನ್ನಿ.