ಮಿರಗದ ಕೆಳಗಿನ ಮಸುಕು: ಚುಕ್ಕಿ ಹುಟ್ಟುವ ಜಾಗ ನೋಡೋದು ಹೇಗೆ

ಒರಾಯನ್ ನೀಹಾರಿಕೆ ಅಂದರೆ ಚುಕ್ಕಿಗಳು ಹುಟ್ಟುವ ಅನಿಲ, ಧೂಳಿನ ಮೋಡ. ಅದನ್ನು ನೋಡಲು ತೊಗರಿ ರಾಶಿ ಮುಗಿದ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ರಾಶಿ ನಡೆದಿರುವಾಗ ಹೋಗಬೇಡಿ, ಹೊಟ್ಟಿನ ಧೂಳಲ್ಲಿ ಏನೂ ಕಾಣುವುದಿಲ್ಲ. ಜನವರಿ ಕೊನೆ, ಅಮಾವಾಸ್ಯೆ ಹತ್ತಿರದ ರಾತ್ರಿ, 9 ಗಂಟೆ ಮೇಲೆ ಹೋಗಿ. ಕಲಬುರಗಿ ಊರೊಳಗಿನ ಮಾಳಿಗೆ ಮೇಲಿಂದಲೂ ಸಿಗುತ್ತದೆ, ಆದರೆ ಸೇಡಂ ಕಡೆಯವರು ಫ್ಯಾಕ್ಟರಿ ದೀಪ ಬೆನ್ನಿಗೆ ಬರುವ ಹಾಗೆ ನಿಂತುಕೊಳ್ಳಿ.

ಟೆಲಿಸ್ಕೋಪ್ ಬೇಕಿಲ್ಲ. ನಾನು ಮೊದಲು ಅಗ್ಗದ್ದೊಂದು ತರಿಸಿದ್ದೆ. ಉಸಿರು ಬಿಟ್ಟರೂ ಅದರ ಸ್ಟ್ಯಾಂಡ್ ನಡುಗುತ್ತಿತ್ತು, ಈಗ ಅಟ್ಟದ ಮೇಲಿದೆ. 10×50 ಬೈನಾಕ್ಯುಲರ್ (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿ.ಮೀ. ಗಾಜಿನದು) ಸಾಕು. ಹೊಲದಲ್ಲಿ ಜೋಳದ ಚೀಲಕ್ಕೆ ಒರಗಿ ಕೂತು, ಮೊಣಕೈ ಮೊಣಕಾಲ ಮೇಲೆ ಊರಿದರೆ ಕೈ ಅಲ್ಲಾಡುವುದಿಲ್ಲ.

ದಕ್ಷಿಣಕ್ಕೆ ಮುಖ ಮಾಡಿ ಕತ್ತು ಚೆನ್ನಾಗಿ ಎತ್ತಿ. ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಅವುಗಳ ಮೇಲ್ಗಡೆ ಸಣ್ಣ ಗುಂಪೇ ನಮ್ಮ ಮಿರಗ, ಅಂದರೆ ಮೃಗಶಿರ. ಅದರ ಎಡಕ್ಕೆ ಕೆಂಪಗಿರುವುದು ಆರಿದ್ರಾ. ಮಳೆ ಹೆಸರುಗಳೇ, ಅಲ್ವಾ? ಈಗ ಮೂರು ಚುಕ್ಕಿಯಿಂದ ಕೆಳಗೆ ಇಳಿಯಿರಿ. ಕತ್ತಿ ನೇತಾಡಿದ ಹಾಗೆ ಇನ್ನೊಂದು ಸಣ್ಣ ಸಾಲು, ಅದರ ನಡುವಿನದು ಮಾತ್ರ ಬೆರಳಲ್ಲಿ ಒರೆಸಿದಂತೆ ಮಸುಕು. ನೆಟ್ಟಗೆ ನೋಡಬೇಡಿ, ಓರೆಗಣ್ಣಲ್ಲಿ ನೋಡಿದರೆ ಜಾಸ್ತಿ ಹರಡಿಕೊಳ್ಳುತ್ತದೆ. ಅದು ಒರಾಯನ್ ನೀಹಾರಿಕೆ, ಸುಮಾರು 1,350 ಜ್ಯೋತಿರ್ವರ್ಷ ದೂರ. ನಿಮ್ಮ ಕಣ್ಣಿಗೆ ಬಿದ್ದ ಬೆಳಕು ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟದ್ದು.

ಕಂಡಿತು ಅಂತ ಎದ್ದು ಬರಬೇಡಿ. ಹೆಂಚಿನ ಮೇಲಿನ ಜೋಳದ ರೊಟ್ಟಿ ಒಂದು ಕಡೆ ಗುಳ್ಳೆ ಎದ್ದು, ನಮ್ಮ ಕಡೆಯ ಪದರ ಹರಿದರೆ ಒಳಗಿನ ಕುಳಿ ಕಾಣುತ್ತದಲ್ಲ, ಇದೂ ಹಾಗೇ. ರೊಟ್ಟಿ ಅಂದರೆ ಹಿಂದೆ ಇರುವ ದೊಡ್ಡ ಕಪ್ಪು ಮೋಡ, ನಮಗೆ ಕಾಣುವುದು ಬರೀ ಗುಳ್ಳೆ. ಅದರ ನಡುವೆ ನಾಲ್ಕು ಎಳೆ ಚುಕ್ಕಿ ಒತ್ತೊತ್ತಾಗಿ ಕೂತಿವೆ, ಚಿಕ್ಕ ಟೆಲಿಸ್ಕೋಪಿನಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಅವುಗಳಲ್ಲಿ ದೊಡ್ಡದು ಉಗುಳುವ ನೇರಳಾತೀತ ಬೆಳಕೇ ಈ ಕುಳಿ ಕೊರೆದದ್ದು.

ಚುಕ್ಕಿ ಹುಟ್ಟುವ ಆ ಹಿಂದಿನ ಕಪ್ಪು ಮೋಡ ಮೈನಸ್ 250 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಚಳಿಯಲ್ಲಿದೆ. ಅಲ್ಲಿ ಹೈಡ್ರೋಜನ್ ಪರಮಾಣುಗಳು ಬಯಲಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದರೂ ಜೋಡಿಯಾಗುವುದು ಬಹಳ ಕಷ್ಟ, ಧೂಳಿನ ಕಣದ ಮೇಲೆ ಕೂತಾಗ ಕೂಡಿಕೊಳ್ಳುತ್ತವೆ. ಅದೇ ಕಣದ ಮೇಲೆ ನೀರು, ಮೆಥನಾಲ್ ಎಲ್ಲ ಹಿಮವಾಗಿ ಅಂಟಿರುತ್ತದೆ. ಆ ತಣ್ಣನೆ ಹೈಡ್ರೋಜನ್ ತಾನಾಗಿ ಹೊಳೆಯುವುದಿಲ್ಲ, ಅದಕ್ಕೇ ವಿಜ್ಞಾನಿಗಳು ಜೊತೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿನ ರೇಡಿಯೋ ಅಲೆ ಹಿಡಿಯುತ್ತಾರೆ, ಹೊಗೆ ನೋಡಿ ಒಲೆ ಎಲ್ಲಿದೆ ಅಂದ ಹಾಗೆ.

ಫೋನಿನಲ್ಲಿ ಹತ್ತು ಸೆಕೆಂಡು ಬೆಳಕು ತುಂಬಿಸಿ ಫೋಟೋ ತೆಗೆದರೆ ಗುಲಾಬಿ ಬಣ್ಣ ಬರಬಹುದು, ಅದು ಹೈಡ್ರೋಜನ್. ದೊಡ್ಡ ಟೆಲಿಸ್ಕೋಪಿನಲ್ಲಿ ತುಸು ಹಸಿರು ಕಾಣುತ್ತದೆ. ಈ ಹಸಿರಿಗೆ ಹಿಂದೆ ಯಾವುದೋ ಹೊಸ ಮೂಲವಸ್ತು ಕಾರಣ ಅಂದುಕೊಂಡು ಅದಕ್ಕೆ ನೆಬ್ಯುಲಿಯಂ ಅಂತ ಹೆಸರೂ ಇಟ್ಟಿದ್ದರು. 1927ರಲ್ಲಿ ಅಮೆರಿಕದ ಭೌತವಿಜ್ಞಾನಿ ಐರಾ ಬೋವೆನ್ ನೋಡಿ ಹೇಳಿದರು: ಎರಡು ಎಲೆಕ್ಟ್ರಾನ್ ಕಳಕೊಂಡ ಆಮ್ಲಜನಕ, ಅಷ್ಟೇ. ಬರಿಗಣ್ಣಿಗೆ ಮಾತ್ರ ಬೂದಿ ಬಣ್ಣ, ಬೇಜಾರಾಗಬೇಡಿ.

ಈಗ ಬೈನಾಕ್ಯುಲರನ್ನು ಮೂರು ಚುಕ್ಕಿಯ ಗೆರೆ ಹಿಡಿದು ಬಲಕ್ಕೆ ಮೇಲೆ ಸರಿಸಿ. ಮೊದಲು ರೋಹಿಣಿ, ಆಚೆಗೆ ಕೃತ್ತಿಕಾ. ನೀಹಾರಿಕೆ ನಡುವಿನ ಆ ನಾಲ್ಕು ಎಳೆ ಚುಕ್ಕಿಗೆ ವಯಸ್ಸು ಸುಮಾರು 10 ಲಕ್ಷ ವರ್ಷ, ಕೃತ್ತಿಕಾ ಗುಂಪಿಗೆ 10 ಕೋಟಿ ದಾಟಿದೆ, ಹುಟ್ಟಿದಾಗಿನ ಅನಿಲ ಅಲ್ಲಿ ಉಳಿದಿಲ್ಲ. ರೋಹಿಣಿ ಸುತ್ತಲಿನ ಇಂಗ್ಲಿಷ್ ವಿ ಆಕಾರದ ಗುಂಪಿಗೆ 60 ಕೋಟಿ ಮೇಲೆ, ಅದರ ಚುಕ್ಕಿಗಳು ಒಂದೊಂದಾಗಿ ಗುಂಪು ಬಿಡುತ್ತಿವೆ. ರೋಹಿಣಿ ಆ ಗುಂಪಿನದಲ್ಲ, ನಮಗೂ ಅದಕ್ಕೂ ನಡುವೆ ಅಡ್ಡ ನಿಂತಿದೆ, ಸುಮ್ನೆ ಸೇರಿಸಿ ಎಣಿಸಬೇಡಿ.

ಕೊನೆಗೆ ಆರಿದ್ರಾ ನೋಡಿ. ವಯಸ್ಸು 1 ಕೋಟಿ ವರ್ಷದ ಆಸುಪಾಸು, ಕೃತ್ತಿಕಾ ಮುಂದೆ ಕೂಸು. ಆದರೂ ಉರುವಲು ಮುಗಿಯುತ್ತ ಬಂದಿದೆ.