ಬೆಲೆಯ ಪುಟವನ್ನು ಕೊನೆಗೆ ತೆರೆಯುತ್ತೇನೆ

ಗೃಹಸಾಲಕ್ಕಾಗಿ ಮನೆಯ ಮೌಲ್ಯಮಾಪನ ಮಾಡುವಂತೆ ಬ್ಯಾಂಕಿನಿಂದ ಕಡತ ಬಂದಾಗ ಅದರ ಮೊದಲ ಪುಟದಲ್ಲೇ ಖರೀದಿ ಬೆಲೆ ನಮೂದಾಗಿರುತ್ತದೆ. ನನ್ನ ವೃತ್ತಿಯ ಅತಿ ದೊಡ್ಡ ತೊಡಕು ಅದೇ ಎಂದು ಅರ್ಥವಾಗಲು ಕೆಲವು ವರ್ಷಗಳೇ ಹಿಡಿದವು. ಆ ಅಂಕಿ ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮನಸ್ಸು ಅದರ ಸುತ್ತಲೇ ಸುತ್ತುತ್ತದೆ. ಹೋಲಿಕೆಗೆ ಹತ್ತು ಮನೆಗಳ ಮಾರಾಟದ ವಿವರ ಮುಂದಿದ್ದರೂ ಅದಕ್ಕೆ ಹತ್ತಿರವಿರುವ ಮೂರನ್ನೇ ಕೈ ಆರಿಸಿಕೊಳ್ಳುತ್ತದೆ. ಯಾರ ಒತ್ತಾಯವೂ ಇಲ್ಲದೆ ನಡೆಯುವ ತಪ್ಪಾದ್ದರಿಂದಲೇ ನನಗೆ ಅದರ ಭಯ ಹೆಚ್ಚು.

ಈಗ ನಾನು ಕಡತದಿಂದ ವಿಳಾಸ ಮತ್ತು ನಕ್ಷೆಯನ್ನಷ್ಟೇ ತೆಗೆದುಕೊಡುವಂತೆ ಸಹಾಯಕನಿಗೆ ಹೇಳಿದ್ದೇನೆ. ಮನೆ ನೋಡಿ, ಅಳೆದು, ಹೋಲಿಕೆಯ ಮಾರಾಟಗಳನ್ನು ಆಯ್ದು, ನನ್ನ ಅಂಕಿಯನ್ನು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದ ಮೇಲೆಯೇ ಬೆಲೆಯ ಪುಟ ತೆರೆಯುತ್ತೇನೆ.

ಎರಡೂ ಹೊಂದದಿದ್ದಾಗ ಫೋನ್ ಕರೆಗಳು ಶುರುವಾಗುತ್ತವೆ. ಬೆಲೆ 100 ಭಾಗವಾಗಿದ್ದು ನನ್ನ ಅಂದಾಜು 92 ಎಂದುಕೊಳ್ಳಿ. ಶೇ. 80ರಷ್ಟು ಸಾಲ ಕೊಡುವ ಬ್ಯಾಂಕು ಕಡಿಮೆ ಇರುವ ಅಂಕಿಯನ್ನೇ ಹಿಡಿದರೆ ಸಾಲ 80ರಿಂದ 73.6ಕ್ಕೆ ಇಳಿಯುತ್ತದೆ. ಉಳಿದ 6.4 ಭಾಗವನ್ನು ಆ ಕುಟುಂಬ ಎಲ್ಲಿಂದಾದರೂ ತರಬೇಕು. ಅವರ ಸಂಕಟ ನನಗೆ ತಿಳಿಯದ್ದೇನಲ್ಲ. ‘ಸ್ವಲ್ಪ ಹೊಂದಿಸಿ ಕೊಡಿ’ ಎನ್ನುವ ದಲ್ಲಾಳಿಗೆ ನಾನು ಹೇಳುವುದು ಒಂದೇ: ನನ್ನ ಕಣ್ಣಿಗೆ ಬೀಳದ ಮಾರಾಟವಿದ್ದರೆ ದಾಖಲೆ ಕೊಡಿ, ಮತ್ತೆ ನೋಡುತ್ತೇನೆ. ಒಮ್ಮೆ ಅದೇ ಬೀದಿಯ ಮಾರಾಟವೊಂದು ನಿಜಕ್ಕೂ ನನ್ನಿಂದ ತಪ್ಪಿಹೋಗಿತ್ತು, ಅಂಕಿಯನ್ನು ತಿದ್ದಿದೆ. ದಾಖಲೆ ಇಲ್ಲದಿದ್ದರೆ ತಿದ್ದುವುದಿಲ್ಲ.

ಅಳತೆಯಲ್ಲೂ ಎಚ್ಚರ ಬೇಕು. ಹೊರಗಿನಿಂದ 10 ಮೀಟರ್ ಉದ್ದ, 8 ಮೀಟರ್ ಅಗಲವಿರುವ ಮನೆಯ ಹೊರಗೋಡೆ 230 ಮಿಲಿಮೀಟರ್ ದಪ್ಪವಿದ್ದರೆ ಒಳಗಿನ ವಿಸ್ತೀರ್ಣ 80 ಚದರ ಮೀಟರ್ ಅಲ್ಲ, ಸುಮಾರು 72. ಒಂದು ಮನೆಯ ಒಳಅಳತೆಯನ್ನು ಇನ್ನೊಂದರ ಹೊರಅಳತೆಗೆ ಹೋಲಿಸಿದರೆ ಲೆಕ್ಕ ಅಲ್ಲೇ ಶೇ. 10ರಷ್ಟು ಕೆಡುತ್ತದೆ.

ತೇವದ ವಿಷಯದಲ್ಲಿ ನಾನು ಮಾಡಿದ ತಪ್ಪು ಇಂದಿಗೂ ಚುಚ್ಚುತ್ತದೆ. ಗೋಡೆಯ ಕೆಳಭಾಗಕ್ಕಷ್ಟೇ ಹೊಸ ಬಣ್ಣ ಬಳಿದಿದ್ದ ಮನೆಯೊಂದರಲ್ಲಿ ತೇವಾಂಶದ ಮೀಟರ್ ಜೋರಾಗಿ ಏರಿತು. ‘ನೆಲದಿಂದ ತೇವ ಏರುತ್ತಿದೆ’ ಎಂದು ಬರೆದುಬಿಟ್ಟೆ. ಸಾಲ ವಾರಗಟ್ಟಲೆ ನಿಂತಿತು. ಗಾರೆ ಕೆತ್ತಿ ನೋಡಿದಾಗ ಹಳೆಯ ಸೋರಿಕೆಯೊಂದು ಎಂದೋ ದುರಸ್ತಿಯಾಗಿತ್ತು. ಅದು ಬಿಟ್ಟುಹೋದ ಲವಣವಷ್ಟೇ ಅಲ್ಲಿತ್ತು. ಎರಡು ಮೊನೆಗಳ ಆ ಮೀಟರ್ ಅಳೆಯುವುದು ವಿದ್ಯುತ್ತಿಗೆ ಒದಗುವ ತಡೆಯನ್ನು. ಅದರ ಅಂಕಿಗಳು ಮೂಲತಃ ಮರಕ್ಕೆ ಹೊಂದಿಸಿದವು. ಲವಣವಿರುವ ಗೋಡೆ ಅದನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಈಗ ಮೀಟರ್ ತೋರಿಸಿದ್ದನ್ನಷ್ಟೇ ಬರೆದು, ಕಾರಣ ಪತ್ತೆಗೆ ಬೇರೆ ತಪಾಸಣೆ ಕೇಳುತ್ತೇನೆ. 5 ಮಿಲಿಮೀಟರಿಗಿಂತ ಅಗಲವಾದ ಬಿರುಕು ಕಂಡರೂ ಹಾಗೆಯೇ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು ಎನ್ನುತ್ತೇನೆ.

ಕೊಳ್ಳುವವರು ನನ್ನ ಭೇಟಿಯನ್ನು ಮನೆಯ ಸಂಪೂರ್ಣ ತಪಾಸಣೆ ಎಂದೇ ನಂಬುತ್ತಾರೆ. ನಾನು ಬೀರು ಸರಿಸುವುದಿಲ್ಲ, ನೆಲ ಎಬ್ಬಿಸುವುದಿಲ್ಲ, ಅಷ್ಟು ಸಮಯವೂ ಇರುವುದಿಲ್ಲ. ಆದರೂ ‘ವರದಿ ಬ್ಯಾಂಕಿಗೆ, ನಿಮಗಲ್ಲ’ ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಾಗದು. ಬ್ರಿಟನ್ನಿನ ಸ್ಮಿತ್ ವಿರುದ್ಧ ಬುಷ್ ಪ್ರಕರಣವನ್ನು ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕು. ಮಹಡಿಯಲ್ಲಿ ಚಿಮಣಿಯ ಒಳಗಟ್ಟು, ಅಂದರೆ ಕೋಣೆಯೊಳಗೆ ಚಾಚಿ ಮೇಲಿನ ಚಿಮಣಿಯನ್ನು ಹೊರುವ ಇಟ್ಟಿಗೆ ಕಟ್ಟಡ, ಕೆಡವಿದ್ದನ್ನು ಮೌಲ್ಯಮಾಪಕ ಗಮನಿಸಿದ್ದ; ಅದರ ಮೇಲಿನ ಇಟ್ಟಿಗೆಗೆ ಆಸರೆ ಇದೆಯೇ ಎಂದು ನೋಡಲಿಲ್ಲ. ಸುಮಾರು ಒಂದೂವರೆ ವರ್ಷದ ಬಳಿಕ ಅದು ಛಾವಣಿ ಸೀಳಿಕೊಂಡು ಮಲಗುವ ಕೋಣೆಗೆ ಬಿತ್ತು. ವರದಿ ಕೇಳಿದ್ದು ಸಾಲ ಕೊಟ್ಟ ಸಂಸ್ಥೆಯಾದರೂ ಕೊಂಡವರ ಬಗ್ಗೆಯೂ ಮೌಲ್ಯಮಾಪಕನಿಗೆ ಹೊಣೆಯಿದೆ ಎಂದು 1989ರಲ್ಲಿ, ಅಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು.

ಆ ತೀರ್ಪು ಓದಿದಂದಿನಿಂದ ನನ್ನ ವರದಿಯಲ್ಲಿ ‘ದೋಷ ಕಂಡುಬಂದಿಲ್ಲ’ ಮತ್ತು ‘ನೋಡಲು ಸಾಧ್ಯವಾಗಲಿಲ್ಲ’ ಎಂಬ ಎರಡು ಮಾತುಗಳನ್ನು ಬೆರೆಸುವುದಿಲ್ಲ. ಬೀಗ ಹಾಕಿದ್ದ ಕೋಣೆ, ಏಣಿ ಎಟುಕದ ಛಾವಣಿ, ಬೀರು ಮರೆಮಾಡಿದ ಗೋಡೆ, ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಬರೆಯುತ್ತೇನೆ. ವರದಿ ಒಂದು ಪುಟ ಉದ್ದವಾಗುತ್ತದೆ.