ಕುಡಿತ ಬಿಡಲು ಒಪ್ಪದವರನ್ನು ಚಿಕಿತ್ಸೆಗೆ ಕರೆತರುವುದು ಹೇಗೆ: ಮನೆಯವರಿಗೊಂದು ಮಾರ್ಗದರ್ಶಿ

ಕುಡಿಯುವವರಿಗೆ ತಾವಾಗಿಯೇ ಬುದ್ಧಿ ಬರುವವರೆಗೆ ಯಾರೂ ಏನೂ ಮಾಡಲಾಗದು ಎಂಬ ಮಾತನ್ನು ನಂಬಿ ಎಷ್ಟೋ ತಾಯಂದಿರು, ಹೆಂಡತಿಯರು ವರ್ಷಗಟ್ಟಲೆ ಕಾದಿರುತ್ತಾರೆ. ಹಾಗೆ ಕಾಯಬೇಕಾಗಿಲ್ಲ ಎಂದು ತೋರಿಸಿಕೊಟ್ಟ ಅಧ್ಯಯನವೊಂದು 1999ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಿಂದ ಪ್ರಕಟವಾಯಿತು. ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು, ಚಿಕಿತ್ಸೆ ಬೇಡವೆನ್ನುತ್ತಿದ್ದವರ ಮನೆಯವರಲ್ಲಿ 130 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ ತರಬೇತಿ ಕೊಟ್ಟರು. ಕುಡಿಯುವವರನ್ನು ಬದಲಿಸುವ ಆಸೆ ಬಿಟ್ಟು ನಿಮ್ಮ ನೆಮ್ಮದಿ ನೋಡಿಕೊಳ್ಳಿ ಎಂದು ಕಲಿಸಿದ ಗುಂಪಿನಲ್ಲಿ ಶೇ 13ರಷ್ಟು ಜನರು ತಮ್ಮವರನ್ನು ಚಿಕಿತ್ಸೆಗೆ ಕರೆತಂದರು; ಬಂಧುಗಳೆಲ್ಲ ಸೇರಿ ಎದುರು ಕೂರಿಸಿ ಕೇಳುವ ವಿಧಾನದಲ್ಲಿ ಶೇ 30ರಷ್ಟು; ದಿನನಿತ್ಯದ ನಡೆ ಮತ್ತು ಮಾತನ್ನು ಬದಲಿಸಿಕೊಳ್ಳಲು ಕಲಿಸಿದ ಗುಂಪಿನಲ್ಲಿ ಶೇ 64ರಷ್ಟು. ಈ ಮೂರನೆಯ ವಿಧಾನಕ್ಕೆ ‘ಕ್ರಾಫ್ಟ್’ ಎಂದು ಹೆಸರು. ನಮ್ಮ ದೇಶದಲ್ಲಿ ಇದರ ಅಗತ್ಯ ಎಷ್ಟಿದೆ ಎಂಬುದಕ್ಕೆ ದೆಹಲಿಯ ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯೇ ಸಾಕ್ಷಿ: ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು.

ಮೊದಲು ಕುಡಿತ ಯಾವ ಹಂತದಲ್ಲಿದೆ ಎಂದು ಗುರುತಿಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಒಟ್ಟು 40 ಅಂಕಗಳಿದ್ದು, 8 ಅಥವಾ ಹೆಚ್ಚು ಬಂದರೆ ಎಚ್ಚರ ವಹಿಸಬೇಕು, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಸಂಶಯವಿರುತ್ತದೆ. ಪ್ರಶ್ನಾವಳಿ ಕೈಯಲ್ಲಿಲ್ಲದಿದ್ದರೂ, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವುದು, ಬೆವರುವುದು, ಒಂದು ಕ್ವಾರ್ಟರ್ ಒಳಗೆ ಹೋದ ಮೇಲೆ ಅದೆಲ್ಲ ನಿಲ್ಲುವುದು ಕಂಡುಬಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದೇ ತಿಳಿಯಬೇಕು.

ಅಂಥವರಿಗೆ ಒಮ್ಮೆಲೇ ಕುಡಿತ ನಿಲ್ಲಿಸುವಂತೆ ಆಣೆ ಹಾಕಿಸಬೇಡಿ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕೊನೆಯ ಗುಟುಕಿನ ಆರೇಳು ಗಂಟೆಗಳಲ್ಲಿ ನಡುಕ ಮತ್ತು ಚಡಪಡಿಕೆ ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು ಮೂರನೆಯ ದಿನದ ಹೊತ್ತಿಗೆ ಇಲ್ಲದ್ದನ್ನು ಕಂಡು ಕೇಳಿ ದಿಕ್ಕು ತಪ್ಪುವ ಸನ್ನಿಯ ಸ್ಥಿತಿ ಬರಬಹುದು. ಇದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಈ ಸ್ಥಿತಿಯಲ್ಲಿ ಬಂದವರು ಹೆಚ್ಚಾದುದನ್ನು ವೈದ್ಯರು ದಾಖಲಿಸಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿಕೊಂಡು ಆ ದಿನದಿಂದಲೇ ಬಿಡುತ್ತೇನೆನ್ನುವ ಸಂಕಲ್ಪ ಒಳ್ಳೆಯದೇ; ಆದರೆ ಮಾಲೆ ಹಾಕುವ ಮುನ್ನ ಒಮ್ಮೆ ವೈದ್ಯರನ್ನು ಕಂಡು ಬರಲಿ. ನಡುಕ ಹತೋಟಿಗೆ ತರುವ ಮಾತ್ರೆಗಳನ್ನು ಮತ್ತು ಮೆದುಳಿಗೆ ಹಾನಿಯಾಗದಂತೆ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಅವರು ಕೊಡುತ್ತಾರೆ. ಫಿಟ್ಸ್ ಬಂದರೆ ಅಥವಾ ಮಾತು ಅಸಂಬದ್ಧವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮುಂದಿನ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾರ ಜೊತೆ, ಏನಾದ ಮೇಲೆ ಕುಡಿದರು ಎಂದು ಬರೆದಿಡಿ. ಕುಡಿಯದ ದಿನಗಳನ್ನೂ ತಪ್ಪದೆ ಬರೆಯಿರಿ, ಏಕೆಂದರೆ ಉಪಯೋಗಕ್ಕೆ ಬರುವುದು ಹೆಚ್ಚಾಗಿ ಅವೇ. ಶನಿವಾರ ಬಟವಾಡೆಯಾದ ಮೇಲೆ ಬಾರಿಗೆ ಹೋಗುವವರು, ಅಕ್ಕನ ಮನೆಗೆ ಹೋದ ಶನಿವಾರ ಕುಡಿದಿರಲಿಲ್ಲ ಎಂಬುದು ಹೀಗೆ ಬರೆದಾಗಲೇ ಕಣ್ಣಿಗೆ ಬೀಳುತ್ತದೆ.

ಕ್ರಾಫ್ಟ್‌ನ ತಿರುಳು ಸರಳವಾದರೂ ನಡೆಸುವುದು ಕಷ್ಟ. ಕುಡಿಯದೆ ಮನೆಗೆ ಬಂದ ದಿನ ಅವರಿಗೆ ಇಷ್ಟವಾದ ಅಡುಗೆ, ಜೊತೆಯಲ್ಲಿ ಊಟ, ನಾಲ್ಕು ಒಳ್ಳೆಯ ಮಾತು ಸಿಗಬೇಕು. ಕುಡಿದು ಬಂದ ದಿನ ಜಗಳವೂ ಬೇಡ, ಉಪಚಾರವೂ ಬೇಡ. ಊಟ ಮುಚ್ಚಿಟ್ಟು ನೀವು ಬೇರೆ ಕೋಣೆಗೆ ಹೋಗಿ. ಕೆಲಸಕ್ಕೆ ಹೋಗದಿದ್ದಾಗ ಮೇಸ್ತ್ರಿಗೆ ಫೋನ್ ಮಾಡಿ ಜ್ವರವೆಂದು ಸುಳ್ಳು ಹೇಳುವುದನ್ನು, ಬಾರಿನ ಸಾಲ ತೀರಿಸುವುದನ್ನು ನಿಲ್ಲಿಸಿ, ಕುಡಿತದ ಪರಿಣಾಮ ಅವರಿಗೇ ತಟ್ಟಲಿ. ಇದು ನಿರ್ದಯವಲ್ಲ. ಆದರೆ ಪ್ರಜ್ಞೆ ತಪ್ಪಿ ಬಿದ್ದವರನ್ನು ಹಾಗೇ ಬಿಡಬಾರದು, ವಾಂತಿ ಗಂಟಲಿಗೆ ಸಿಕ್ಕದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಎಚ್ಚರಗೊಳ್ಳದಿದ್ದರೆ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಈ ಯಾವ ಪ್ರಯೋಗಕ್ಕೂ ಮುಂಚೆ ನಿಮ್ಮ ಮತ್ತು ಮಕ್ಕಳ ರಕ್ಷಣೆ ಮುಖ್ಯ. ಮಹಿಳಾ ಸಹಾಯವಾಣಿ 181, ತುರ್ತು ಸಂಖ್ಯೆ 112.

ಚಿಕಿತ್ಸೆಯ ಮಾತನ್ನು ಅವರು ಕುಡಿದಿರುವಾಗ ಎತ್ತಬೇಡಿ. ಅವರೇ ನೊಂದುಕೊಂಡ ಬೆಳಿಗ್ಗೆ, ಹೊಟ್ಟೆನೋವಿನಿಂದ ಹೆದರಿದ ದಿನ, ಜೊತೆಯವರೊಬ್ಬರು ಕುಡಿತ ಬಿಟ್ಟ ಸುದ್ದಿ ಬಂದ ಹೊತ್ತು ಇದಕ್ಕೆ ತಕ್ಕದ್ದು. ಮಾತು ಚಿಕ್ಕದಾಗಿರಲಿ, ಆರೋಪವಿಲ್ಲದೆ ಇರಲಿ: “ರೀ, ಭಾನುವಾರ ನೀವು ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾಗ ನನಗೆ ಎಷ್ಟು ಸಮಾಧಾನವಾಯಿತು. ಕೈ ನಡುಗುವುದನ್ನು ನೋಡಿ ಹೆದರಿಕೆಯಾಗುತ್ತಿದೆ. ಒಂದು ಸಲ ಡಾಕ್ಟರಿಗೆ ತೋರಿಸೋಣ, ನಾನೂ ಜೊತೆಗೆ ಬರುತ್ತೇನೆ.” ಅವರು ಹೂಂ ಎಂದ ಕೂಡಲೇ ಹೋಗಲು ಜಾಗ ಸಿದ್ಧವಿರಬೇಕು, ಒಪ್ಪಿಗೆ ಎರಡು ದಿನಕ್ಕೆ ಆರಿಹೋಗಬಹುದು. ಆದ್ದರಿಂದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಿ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧಾರವಾಡದ ಡಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಯ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ಮೊದಲೇ ತಿಳಿದಿಡಿ.

ಎಲ್ಲರಿಗೂ ಆಸ್ಪತ್ರೆ ವಾಸ ಬೇಕಾಗುವುದಿಲ್ಲ. ಅವಲಂಬನೆಯ ಮಟ್ಟ ಮುಟ್ಟದೆ ಹಾನಿಕರವಾಗಿ ಕುಡಿಯುತ್ತಿದ್ದ ಗಂಡಸರಿಗೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ಸಾಮಾನ್ಯ ಜನರೇ ನಾಲ್ಕು ಸಲದವರೆಗೆ ಆಪ್ತಸಮಾಲೋಚನೆ ನಡೆಸಿದಾಗ, ಮೂರು ತಿಂಗಳ ನಂತರ ಶೇ 36ರಷ್ಟು ಜನರು ಹಾನಿಕರ ಕುಡಿತದ ಮಟ್ಟದಿಂದ ಕೆಳಗಿಳಿದಿದ್ದರು. ಮಾಮೂಲು ಆರೈಕೆಯಷ್ಟೇ ಸಿಕ್ಕವರಲ್ಲಿ ಈ ಪ್ರಮಾಣ ಶೇ 26. ಈ ಅಧ್ಯಯನ 2017ರಲ್ಲಿ ಪ್ರಕಟವಾಯಿತು.

ಗೋಡೆಗಳ ಮೇಲೆ ಜಾಹೀರಾತು ಬರೆಸಿ ಮಾರುವ, ಸಾರಿನಲ್ಲಿ ಗೊತ್ತಾಗದಂತೆ ಬೆರೆಸುವ ಪುಡಿಗಳನ್ನು ದಯವಿಟ್ಟು ಕೊಡಬೇಡಿ. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್‌ನಂಥ ಔಷಧ ಆ ಪುಡಿಯಲ್ಲಿದ್ದು, ಅದು ಒಳಗಿರುವಾಗ ಮದ್ಯ ಸೇರಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಅದನ್ನು ತಿಳಿದು, ಒಪ್ಪಿ ತೆಗೆದುಕೊಳ್ಳಬೇಕೇ ಹೊರತು ಮರೆಯಲ್ಲಿ ಅಲ್ಲ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳೂ ಇವೆ, ಯಾವುದು ತಕ್ಕದ್ದೆಂದು ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸುತ್ತಾರೆ. ಯಾವುದೇ ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ನೋಂದಾಯಿತವೇ, ಮನೋವೈದ್ಯರು ನಿಯಮಿತವಾಗಿ ಬರುತ್ತಾರೆಯೇ ಎಂದು ಕೇಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯವ್ಯಸನಿಗಳಿಗೂ ಅನ್ವಯಿಸುತ್ತದೆ, ಸರಪಳಿ ಬಿಗಿಯುವುದನ್ನು ಅದು ನಿಷೇಧಿಸಿದೆ.

ಭೇಟಿಯ ದಿನ ನೋಟ್‌ಬುಕ್, ಹಳೆಯ ಚೀಟಿಗಳು, ಈಗ ಸೇವಿಸುತ್ತಿರುವ ಮಾತ್ರೆಗಳು ಜೊತೆಗಿರಲಿ. ಕೊನೆಯ ಗಳಿಗೆಯಲ್ಲಿ ಅವರು ಬರುವುದಿಲ್ಲವೆಂದರೆ ಭೇಟಿಯನ್ನು ರದ್ದು ಮಾಡದೆ ನೀವೊಬ್ಬರೇ ಹೋಗಿ ಬನ್ನಿ. ವೈದ್ಯರಿಗೆ ಮನೆಯ ಪರಿಸ್ಥಿತಿ ತಿಳಿದಿರುತ್ತದೆ, ನಿಮಗೆ ಮುಂದಿನ ದಿನಾಂಕ ಸಿಕ್ಕಿರುತ್ತದೆ.